ಅಳಿಸಲಾಗದ ಫೈಲ್: ಲಸ್ಟರ್ ಕುರಿತ ಪ್ರಶ್ನೋತ್ತರ

ಪ್ರಶ್ನೆ: ಕರೆಂಟ್ ಹೋಗಿ ಬಂದಮೇಲೆ ನಮ್ಮ ಕ್ಲಸ್ಟರ್‌ನ ಲಸ್ಟರ್ ಫೈಲ್ ಸಿಸ್ಟಮ್‌ನಲ್ಲಿ (ಫೈಲ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚಿಡುವ ವ್ಯವಸ್ಥೆ) ತೊಂದರೆ ಶುರುವಾಗಿದೆ. ಒಂದು ಫೋಲ್ಡರ್‌ನಲ್ಲಿ ‘ಎಲ್ಎಸ್ -ಎಲ್’ ಕೊಟ್ಟರೆ ಫೈಲ್‌ಗಳ ಹೆಸರಷ್ಟೇ ಕಾಣುತ್ತದೆ. ಅನುಮತಿ, ಗಾತ್ರ, ದಿನಾಂಕ ಇರಬೇಕಾದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು. ರೂಟ್ ಆಗಿ ‘ಆರ್‌ಎಂ -ಆರ್‌ಎಫ್’ ಕೊಟ್ಟರೂ ಅಳಿಯುತ್ತಿಲ್ಲ. ಫಾರ್ಮ್ಯಾಟ್ ಮಾಡಲೇಬೇಕೇ?

ಉತ್ತರ: ಬೇಡವೇ ಬೇಡ. ಅಳಿಸುವ ಆತುರವೂ ಬೇಡ, ಏಕೆಂದರೆ ಆ ಫೈಲ್‌ಗಳು ನಿಜಕ್ಕೂ ಹಾಳಾಗಿವೆಯೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಲಸ್ಟರ್‌ನಲ್ಲಿ ಹೆಸರು, ಮಾಲೀಕ, ಅನುಮತಿ, ದತ್ತಾಂಶ ಎಲ್ಲೆಲ್ಲಿದೆ ಎಂಬ ನಕ್ಷೆ ಇವೆಲ್ಲ ಎಂಡಿಟಿ ಎಂಬ ವಿವರಗಳ ಸಂಗ್ರಹದಲ್ಲಿರುತ್ತವೆ. ದತ್ತಾಂಶ ಮಾತ್ರ ತುಂಡುತುಂಡಾಗಿ ಓಎಸ್‌ಟಿ ಎಂಬ ದತ್ತಾಂಶದ ಸಂಗ್ರಹಗಳಲ್ಲಿ ಹಂಚಿಹೋಗಿರುತ್ತದೆ. ಗಾತ್ರ ಹೇಳಲು ಓಎಸ್‌ಟಿಗಳನ್ನು ಕೇಳಬೇಕು. ಅವುಗಳಲ್ಲಿ ಒಂದು ಕೈಕೊಟ್ಟರೂ ‘ಸ್ಟಾಟ್’ (ಫೈಲ್‌ನ ವಿವರ ಕೇಳುವ ಕರೆ) ಸೋತು ಚಿಹ್ನೆಗಳು ಮೂಡುತ್ತವೆ.

ಮೊದಲು ‘ಎಲ್ಎಫ್ಎಸ್ ಡಿಎಫ್’ ಕೊಡಿ. ಯಾವುದಾದರೂ ಓಎಸ್‌ಟಿ ನಿಷ್ಕ್ರಿಯ ಎಂದು ತೋರಿಸಿದರೆ ಅದನ್ನು ಎಬ್ಬಿಸಿ. ಫೈಲ್‌ಗಳು ಹಾಗೆಯೇ ಮರಳಿ ಸಿಗಬಹುದು. ಎಲ್ಲವೂ ಸರಿ ಇದ್ದರೆ ಹಾಳಾದ ನಾಲ್ಕೈದು ಫೈಲ್‌ಗಳ ಮೇಲೆ ‘ಎಲ್ಎಫ್ಎಸ್ ಗೆಟ್‌ಸ್ಟ್ರೈಪ್’ ಓಡಿಸಿ. ಇದು ಎಂಡಿಟಿಯ ನಕ್ಷೆಯನ್ನಷ್ಟೇ ಓದುವುದರಿಂದ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಪ್ರತಿಯೊಂದರಲ್ಲೂ, ಉದಾಹರಣೆಗೆ, 7 ಎಂಬ ಓಎಸ್‌ಟಿ ಸಂಖ್ಯೆಯೇ ಬರುತ್ತಿದ್ದರೆ ಸುಳಿವು ಸಿಕ್ಕಂತೆ. ಆಮೇಲೆ ಕರ್ನಲ್ ಲಾಗ್‌ನಲ್ಲಿ ದೋಷಸಂಖ್ಯೆ ನೋಡಿ: -2 ಆದರೆ ಆಬ್ಜೆಕ್ಟ್ (ಓಎಸ್‌ಟಿಯಲ್ಲಿರುವ ಫೈಲ್‌ನ ಪಾಲು) ಕಾಣೆಯಾಗಿರಬೇಕು, -5 ಆದರೆ ಓದುವಲ್ಲೇ ದೋಷ, ಡಿಸ್ಕ್ ಕಡೆ ಗಮನ ಕೊಡಿ, -1 ಅಥವಾ -13 ಆದರೆ ಅದು ಹಾಳಾದ ಲಕ್ಷಣವೇ ಅಲ್ಲ, ಅನುಮತಿಯ ತಕರಾರು. ‘ಎಲ್ಎಸ್‌ಆಟರ್’ನಲ್ಲಿ ‘ಐ’ ಗುರುತು (ಬದಲಿಸಬಾರದು, ಅಳಿಸಬಾರದು ಎಂಬ ತಡೆ) ಇದೆಯೇ, ಎಂಡಿಎಸ್‌ನಲ್ಲಿ (ಎಂಡಿಟಿ ನಡೆಸುವ ಸರ್ವರ್) ರೂಟ್ ಸ್ಕ್ವಾಶ್ ಹಾಕಿದೆಯೇ ನೋಡಿ. ಸ್ಕ್ವಾಶ್ ಇದ್ದರೆ ನಿಮ್ಮ ಕ್ಲೈಂಟ್‌ನ ರೂಟ್‌ಗೆ ಅಲ್ಲಿ ರೂಟ್‌ನ ಅಧಿಕಾರವಿಲ್ಲ.

‘-ಎಫ್’ ಹಾಕಿದರೆ ಬಲವಂತವಾಗಿ ಅಳಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ಮರುಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ, ಅಷ್ಟೇ. ದತ್ತಾಂಶ ಹೋದರೂ ಪರವಾಗಿಲ್ಲ ಎಂದಾದರೆ ‘ಅನ್‌ಲಿಂಕ್’ ಬಳಸಿ, ಒಂದು ಸಲಕ್ಕೆ ಒಂದೇ ಹೆಸರು. ಅದು ಗಾತ್ರ, ದಿನಾಂಕ ವಿಚಾರಿಸಲು ಹೋಗದೆ ನೇರವಾಗಿ ಎಂಡಿಟಿಯಿಂದ ಹೆಸರನ್ನು ಕಿತ್ತುಹಾಕುತ್ತದೆ. ಅದೂ ಸೋತರೆ ಪೆಟ್ಟು ಬಿದ್ದಿರುವುದು ಎಂಡಿಟಿಗೇ ಇರಬಹುದು; ಮುಂದಿನ ಉತ್ತರ ಓದಿ.

ಉಳಿದಷ್ಟು ದತ್ತಾಂಶವಾದರೂ ಬೇಕಿದ್ದರೆ ಅಳಿಸುವ ಮುನ್ನ ‘ಡಿಡಿ’ ಎಂಬ ಬ್ಲಾಕ್ ಬ್ಲಾಕ್ ಆಗಿ ನಕಲಿಸುವ ಆದೇಶದಿಂದ ನಕಲು ತೆಗೆಯಿರಿ. ಅದರ ‘ಕಾನ್ವ್’ ಆಯ್ಕೆಗೆ ‘ನೋಎರರ್’ (ದೋಷ ಬಂದರೂ ನಿಲ್ಲಬೇಡ) ಜೊತೆ ‘ಸಿಂಕ್’ (ಓದಲಾಗದ ಜಾಗಕ್ಕೆ ಸೊನ್ನೆ ತುಂಬು) ಸೇರಿಸಲೇಬೇಕು. ಸ್ಟ್ರೈಪ್ (ಒಂದು ಓಎಸ್‌ಟಿಗೆ ಒಂದು ಸಲಕ್ಕೆ ಹೋಗುವ ತುಂಡು) ಗಾತ್ರ 1 ಎಂಬಿ, ಹಂಚಿಕೆ ನಾಲ್ಕು ಓಎಸ್‌ಟಿಗಳ ಮೇಲೆ, ಒಂದು ಸತ್ತಿದೆ ಎಂದಿಟ್ಟುಕೊಳ್ಳಿ: ಪ್ರತಿ 4 ಎಂಬಿಯಲ್ಲಿ 1 ಎಂಬಿ ಸೊನ್ನೆಯಾಗಿ ಬರುತ್ತದೆ, ಉಳಿದದ್ದು ತನ್ನ ಜಾಗದಲ್ಲೇ ಇರುತ್ತದೆ. ‘ಸಿಂಕ್’ ಬಿಟ್ಟರೆ ಮುಂದಿನ ಬೈಟ್‌ಗಳೆಲ್ಲ ಹಿಂದಕ್ಕೆ ಸರಿದು ನಕಲು ನಿರುಪಯುಕ್ತ. ಬ್ಲಾಕ್ ಗಾತ್ರ ಸ್ಟ್ರೈಪ್‌ಗಿಂತ ದೊಡ್ಡದಿರಬಾರದು. ‘ಕೌಂಟ್’ ಮಿತಿಯನ್ನೂ ಕೊಡಿ. ಫೈಲ್ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ‘ಡಿಡಿ’ ಓಡುತ್ತಲೇ ಇರಬಹುದು.

ಪ್ರಶ್ನೆ: ದುರಸ್ತಿಗೆ ಇ2ಎಫ್‌ಎಸ್‌ಸಿಕೆ ಮೊದಲೋ, ಎಲ್‌ಎಫ್‌ಎಸ್‌ಸಿಕೆ ಮೊದಲೋ?

ಉತ್ತರ: ಇ2ಎಫ್‌ಎಸ್‌ಸಿಕೆ ಮೊದಲು. ಅದು ಒಂದೊಂದು ಟಾರ್ಗೆಟ್‌ನ (ಎಂಡಿಟಿ ಇಲ್ಲವೇ ಓಎಸ್‌ಟಿ) ಒಳಗನ್ನು ಸರಿಪಡಿಸುತ್ತದೆ. ಎಂಡಿಟಿ, ಓಎಸ್‌ಟಿಗಳ ಲೆಕ್ಕ ಪರಸ್ಪರ ತಾಳೆಯಾಗುತ್ತದೆಯೇ ಎಂದು ನೋಡುವುದು ಎಲ್‌ಎಫ್‌ಎಸ್‌ಸಿಕೆ. ಟಾರ್ಗೆಟ್ ಅನ್‌ಮೌಂಟ್ ಮಾಡಿ, ಲಸ್ಟರ್‌ಗೆಂದೇ ತಿದ್ದಿದ ಇ2ಎಫ್‌ಎಸ್‌ಪ್ರಾಗ್ಸ್ ಪ್ಯಾಕೇಜ್‌ನ ಇ2ಎಫ್‌ಎಸ್‌ಸಿಕೆಯನ್ನು ಮೊದಲು ‘-ಎಫ್‌ಎನ್’ (ಏನನ್ನೂ ಬದಲಿಸದ ತಪಾಸಣೆ) ಕೊಟ್ಟು ಓಡಿಸಿ ವರದಿ ಉಳಿಸಿಕೊಳ್ಳಿ, ನಂತರ ‘-ಎಫ್‌ಪಿ’ (ದುರಸ್ತಿ). ಟಾರ್ಗೆಟ್‌ನ ಹಿಂಬದಿಯ ಫೈಲ್ ಸಿಸ್ಟಮ್ ಜೆಡ್‌ಎಫ್‌ಎಸ್ ಆಗಿದ್ದರೆ ಇದರ ಬದಲು ‘ಜೆಡ್‌ಪೂಲ್ ಸ್ಕ್ರಬ್’ ಓಡಿಸಿ.

ಎಲ್‌ಎಫ್‌ಎಸ್‌ಸಿಕೆ ಮೌಂಟ್ ಆಗಿರುವಾಗಲೇ ಓಡುತ್ತದೆ. ‘ಎಲ್‌ಸಿಟಿಎಲ್ ಎಲ್‌ಎಫ್‌ಎಸ್‌ಸಿಕೆ_ಸ್ಟಾರ್ಟ್’ ಆದೇಶವನ್ನು ಮೊದಲು ‘-ಎನ್ ಆನ್’ ಎಂದು ಕೊಡಿ, ಏನನ್ನೂ ಬದಲಿಸದೆ ವರದಿ ಕೊಡುತ್ತದೆ. ಆಬ್ಜೆಕ್ಟ್ ಕಳೆದುಕೊಂಡ ಫೈಲ್‌ಗಳನ್ನು ಅದು ತಾನಾಗಿ ಸರಿಪಡಿಸುವುದಿಲ್ಲ. ‘-ಸಿ’ ಕೊಟ್ಟರೆ ಖಾಲಿ ಆಬ್ಜೆಕ್ಟ್ ಹುಟ್ಟಿಸುತ್ತದೆ. ಆಮೇಲೆ ‘ಆರ್‌ಎಂ’ ಸಲೀಸು. ಅಪಾಯವೂ ಅಲ್ಲೇ. ಒಳಗೆ ತೂತು ಬಿದ್ದ ಫೈಲ್ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಬಳಕೆದಾರ ಅದನ್ನೇ ನಂಬಿ ಲೆಕ್ಕ ಮುಂದುವರಿಸುತ್ತಾನೆ. ಹಾಗಾಗಿ ‘-ಸಿ’ ಮುಟ್ಟುವ ಮುನ್ನ ಹಾಳಾದ ಹೆಸರುಗಳ ಪಟ್ಟಿ ಬರೆದಿಟ್ಟು ಮಾಲೀಕರಿಗೆ ಕಳಿಸಿ.

ಪ್ರಶ್ನೆ: ಅಳಿಸಿದೆವು, ಜಾಗ ಮಾತ್ರ ಖಾಲಿಯಾಗಿಲ್ಲ.

ಉತ್ತರ: ಯಾವುದೋ ನೋಡ್‌ನಲ್ಲಿ ಒಂದು ಪ್ರೋಗ್ರಾಂ ಆ ಫೈಲ್ ತೆರೆದೇ ಇಟ್ಟಿರಬಹುದು, ‘ಎಲ್ಎಸ್ಓಎಫ್’ನಿಂದ ಹುಡುಕಿ. ಇಲ್ಲವೇ ಎಂಡಿಎಸ್‌ನಲ್ಲಿ ಆ ಓಎಸ್‌ಟಿಯನ್ನು ನಿಷ್ಕ್ರಿಯ ಮಾಡಿಟ್ಟಿದ್ದೀರಿ. ಆಗ ಅಳಿಸುವ ಆದೇಶ ಅಲ್ಲಿಗೆ ತಲುಪುವುದೇ ಇಲ್ಲ. ಹೊಸ ಫೈಲ್ ಬೀಳದಿದ್ದರೆ ಸಾಕು ಎಂದಾದರೆ ಓಎಸ್‌ಟಿಯನ್ನು ಮತ್ತೆ ಸಕ್ರಿಯಗೊಳಿಸಿ, ಅದರ ‘ಮ್ಯಾಕ್ಸ್_ಕ್ರಿಯೇಟ್_ಕೌಂಟ್’ ಅನ್ನು 0 ಮಾಡಿ.