ಓದುಗರ ಪ್ರಶ್ನೆ: ಮೂರು ವೈರಿನ ಸೀರಿಯಲ್ ಕೇಬಲ್ ಸಾಕಾ?

ಪ್ರಶ್ನೆ: ಸಾರ್, ನಮ್ದು ಪಾಂಡವಪುರದ ಹತ್ರ ಕಬ್ಬು ತೂಗೋ ವೇಬ್ರಿಡ್ಜ್ ಐತೆ. ತೂಕ ತೋರ್ಸೋ ಇಂಡಿಕೇಟರಿಂದ ಕಂಪ್ಯೂಟರಿಗೆ ಹೋಗೋ ಕೇಬಲ್ ಇಲಿ ಕಡಿದಾಕ್ತು, ಮೈಸೂರಲ್ಲಿ 2, 3, 5 ಮೂರೇ ಪಿನ್ನಿಗೆ ವೈರ್ ಹಾಕ್ಸಿ ಹೊಸದು ತಂದ್ವಿ. ಪುಟ್ಟಿ (PuTTY) ಅನ್ನೋ, ಪೋರ್ಟಿಗೆ ಬಂದಿದ್ದನ್ನ ಹಂಗೇ ತೋರ್ಸೋ ಪ್ರೋಗ್ರಾಮಲ್ಲಿ ನೋಡಿದ್ರೆ ತೂಕ ಚೆನ್ನಾಗೇ ಓಡ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಸೊನ್ನೆ ತೋರಿಸ್ಕಂಡು ಕೂತದೆ. ಟ್ರಾಕ್ಟರ್ ಸಾಲು ರೋಡಿಗೆ ಬಂದೈತೆ, ಬೇಗ ಹೇಳಿ.

ಉತ್ತರ: ಪುಟ್ಟಿಯಲ್ಲಿ ತೂಕ ಕಾಣ್ತಿದೆ ಅಂದ್ಮೇಲೆ ಡೇಟಾ ವೈರು, ಬಾಡ್ ರೇಟು (ಡೇಟಾ ಓಡೋ ವೇಗ) ಎರಡೂ ಸರಿ ಇದೆ, ಅದನ್ನ ಮುಟ್ಟಕ್ಕೇ ಹೋಗ್ಬೇಡಿ. ಬಿಟ್ಟು ಹೋಗಿರೋದು ಕಂಟ್ರೋಲ್ ಸಿಗ್ನಲ್. 9 ಪಿನ್ನಲ್ಲಿ ಡೇಟಾಗೆ 2, 3, ಗ್ರೌಂಡಿಗೆ 5, ಮಿಕ್ಕಿದ್ದೆಲ್ಲ ಅಪ್ಪಣೆ ಕೇಳೋಕೆ, ಕೊಡೋಕೆ ಇರೋದು. ಕಂಪ್ಯೂಟರ್ 7ರಲ್ಲಿ ಆರ್‌ಟಿಎಸ್ (ಕಳಿಸ್ಲಾ ಅನ್ನೋದು) ಎತ್ತುತ್ತೆ, ಆಚೆಯಿಂದ 8ಕ್ಕೆ ಸಿಟಿಎಸ್ (ಹೂಂ ಕಳ್ಸು ಅನ್ನೋದು) ಬರ್ಬೇಕು, 4ರಲ್ಲಿ ಡಿಟಿಆರ್ (ನಾನು ರೆಡಿ ಅನ್ನೋದು) ಹೋದ್ರೆ 6ಕ್ಕೆ ಡಿಎಸ್ಆರ್ (ನಾನೂ ರೆಡಿ ಅನ್ನೋದು) ಬರ್ಬೇಕು. ವಿಂಡೋಸಲ್ಲಿ ಸಾಫ್ಟ್‌ವೇರ್ ಬರೆದವರು ಡಿಎಸ್ಆರ್ ನೋಡು ಅಂತ ಸೆಟ್ ಮಾಡಿದ್ರೆ, ಆ ಪಿನ್ ಎದ್ದಿಲ್ಲ ಅಂದ್ರೆ ಬಂದ ಡೇಟಾನ ಡ್ರೈವರ್ರೇ ಬಿಸಾಕುತ್ತೆ, ಸಿಟಿಎಸ್ ಇಲ್ದಿದ್ರೆ ಕಂಪ್ಯೂಟರಿಂದ ಒಂದಕ್ಷರಾನೂ ಆಚೆ ಹೋಗಲ್ಲ. ಪುಟ್ಟಿ ಡೀಫಾಲ್ಟಲ್ಲಿ ಇವನ್ನೆಲ್ಲ ಕೇಳಲ್ಲ, ಅದಕ್ಕೇ ಅಲ್ಲಿ ಬರ್ತಿದೆ.

ಸಾಫ್ಟ್‌ವೇರಿನ ಪೋರ್ಟ್ ಸೆಟ್ಟಿಂಗಲ್ಲಿ ಫ್ಲೋ ಕಂಟ್ರೋಲ್ (ಈ ಅಪ್ಪಣೆ ನೋಡ್ಬೇಕಾ ಬೇಡ್ವಾ ಅನ್ನೋದು) ಅಂತ ಇದ್ರೆ ನನ್ (None) ಅಂತ ಮಾಡಿ ನೋಡಿ. ಆ ಆಪ್ಶನ್ನೇ ಇಲ್ವಾ, ಕಂಪ್ಯೂಟರ್ ಕಡೆ ಕನೆಕ್ಟರ್ ಬಿಚ್ಚಿ 7 ಮತ್ತೆ 8ನ್ನ ಒಂದು ತುಂಡು ವೈರಲ್ಲಿ ಸೇರ್ಸಿ, 4, 6, 1 ಮೂರನ್ನ ಇನ್ನೊಂದರಲ್ಲಿ. ಪಿನ್ ನಂಬರ್ ಪ್ಲಾಸ್ಟಿಕ್ ಮೇಲೇ ಸಣ್ಣದಾಗಿ ಇರುತ್ತೆ, ಟಾರ್ಚ್ ಬಿಟ್ಟು ಅದನ್ನೇ ಓದಿ, ಅಂದಾಜಲ್ಲಿ ಎಣಿಸಿದ್ರೆ ಹಿಂದ್ಮುಂದೆ ಆಗುತ್ತೆ. ಇದು ತಾನೇ ಕೇಳಿ ತಾನೇ ಹೂಂ ಅಂದ್ಕೊಳೋ ಏರ್ಪಾಡು, ಆಚೆ ಇಂಡಿಕೇಟರ್ ಆಫ್ ಆಗಿದ್ರೂ ಕಂಪ್ಯೂಟರಿಗೆ ಗೊತ್ತಾಗಲ್ಲ. ತೂಕಕ್ಕೆ ಪರ್ವಾಗಿಲ್ಲ, ಬರೋದೇ ನಾಲ್ಕಕ್ಷರ.

ಪ್ರಶ್ನೆ: ಮಂಡ್ಯದ ಹತ್ರ ಹಾಲಿನ ಡೇರಿ ನಮ್ದು. ಹಳೇ ಸೀರಿಯಲ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೀಗೇ 7-8 ಸೇರ್ಸಿ ಕೊಟ್ರು, ಮೊದಲ ಸ್ವಲ್ಪ ಲೈನು ಸರಿಯಾಗಿ ಬಂದು ಆಮೇಲೆ ಸದಸ್ಯರ ಹೆಸರೆಲ್ಲ ನುಂಗ್ಬಿಡುತ್ತೆ.

ಉತ್ತರ: ಇಲ್ಲಿ 7-8 ಸೇರ್ಸಿರೋ ಆ ತುಂಡು ವೈರು, ಜಂಪರ್ರೇ ಕಳ್ಳ. ಬಾಡ್ ರೇಟು 9600, 8ಎನ್1 (ಒಂದಕ್ಷರಕ್ಕೆ ಒಟ್ಟು 10 ಬಿಟ್) ಅಂದ್ರೆ ಸೆಕೆಂಡಿಗೆ 960 ಅಕ್ಷರ, ಪ್ರಿಂಟರ್ ಹೆಡ್ಡಿಗೆ ಅಷ್ಟು ಓಡಕ್ಕಾಗಲ್ಲ, ಬಫರ್ (ಬಂದ ಅಕ್ಷರ ಕೂಡಿಡೋ ಜಾಗ) ತುಂಬಿದ್ಮೇಲೆ ಸಾಕು ನಿಲ್ಸು ಅನ್ನುತ್ತೆ, ನೀವು ಆ ಮಾತು ಕಂಪ್ಯೂಟರಿಗೆ ಮುಟ್ಟದ ಹಾಗೆ ಮಾಡಿದೀರ. 25 ಪಿನ್ನಿನ ಬಹಳಷ್ಟು ಪ್ರಿಂಟರ್ ಅದನ್ನ ಹೇಳೋದು 20ನೇ ಪಿನ್ನಲ್ಲಿ, ಡಿಟಿಆರ್. ಜಂಪರ್ ಕಿತ್ತು, ಪ್ರಿಂಟರಿನ 20ನ್ನ ಕಂಪ್ಯೂಟರಿನ 8ಕ್ಕೆ ಎಳೀರಿ, ಜೊತೆಗೆ 3ರಿಂದ 3ಕ್ಕೆ, ಕಂಪ್ಯೂಟರಿನ 5ರಿಂದ ಪ್ರಿಂಟರಿನ 7ಕ್ಕೆ. ಹೌದು, 25ರಲ್ಲಿ ಗ್ರೌಂಡು 7, 2-3 ಕೂಡ 9ರದ್ದಕ್ಕೆ ಉಲ್ಟಾ, ಇದನ್ನ ಮಾಡಿದವರಿಗೆ ಏನನ್ನಬೇಕೋ. ಫ್ಲೋ ಕಂಟ್ರೋಲ್ ಹಾರ್ಡ್‌ವೇರ್ ಅಂತ ಇಡಿ.

ಪ್ರಶ್ನೆ: ಕೇಬಲ್ ಕ್ರಾಸ್ (2-3 ಅದಲು ಬದಲು) ಬೇಕಾ, ಸ್ಟ್ರೈಟ್ (2ಕ್ಕೆ 2, 3ಕ್ಕೆ 3) ಬೇಕಾ, ಮೊದಲೇ ತಿಳ್ಕೊಳೋದು ಹೆಂಗೆ? (ಶ್ರೀರಂಗಪಟ್ಟಣದಿಂದ)

ಉತ್ತರ: ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಟ್ಟು, ಕೇಬಲ್ ಕಿತ್ತು, ಎರಡೂ ಮಷಿನ್ ಆನ್ ಮಾಡಿ. ಕರಿ ಪ್ರೋಬ್ 5ಕ್ಕೆ, ಕೆಂಪು ಒಂದ್ಸಲ 2ಕ್ಕೆ, ಒಂದ್ಸಲ 3ಕ್ಕೆ. ಸುಮ್ನೆ ಕೂತಿರೋ ಪೋರ್ಟಲ್ಲಿ ಕಳ್ಸೋ ಪಿನ್ ಮೈನಸ್ 5ರಿಂದ ಮೈನಸ್ 12ರ ಒಳಗೆ ಎಲ್ಲೋ ತೋರ್ಸುತ್ತೆ, ಕೇಳೋ ಪಿನ್ ಸೊನ್ನೆ ಹತ್ರ. ಎರಡೂ ಮಷಿನ್ನಲ್ಲಿ ಒಂದೇ ನಂಬರಲ್ಲಿ ಮೈನಸ್ ಬಂದ್ರೆ ಕ್ರಾಸ್, ಬೇರೆ ಬೇರೆ ಬಂದ್ರೆ ಸ್ಟ್ರೈಟ್. ಮೈನಸ್ ಬದ್ಲು ಪ್ಲಸ್ 3.3 ಇಲ್ಲಾ 5 ನಿಂತಿದ್ರೆ ಅದು ಟಿಟಿಎಲ್ ಪೋರ್ಟು (ಚಿಪ್ಪಿನ ಸಣ್ಣ ವೋಲ್ಟೇಜಲ್ಲೇ ಓಡೋದು), ಮಧ್ಯೆ ವೋಲ್ಟೇಜ್ ಬದಲಿಸೋ ಮ್ಯಾಕ್ಸ್232 ತರದ ಚಿಪ್ಪು ಇಲ್ದೆ ನೇರ ಚುಚ್ಚಿದ್ರೆ ಬೋರ್ಡ್ ಸುಟ್ಟೋಗ್ಬೋದು.