ಹೊಸ ನರ್ಸ್ ತಪ್ಪು ಮುಚ್ಚಿಡುತ್ತಾಳೆ ಅಂದಿದ್ದಕ್ಕೆ

ಹೊಸದಾಗಿ ಸೇರಿದ ಹುಡುಗಿ ಡೌಟ್ ಕೇಳುವುದೇ ಇಲ್ಲ, ತಪ್ಪಾದರೆ ಮುಚ್ಚಿಡುತ್ತಾಳೆ ಅಂದಿರಲ್ಲ, ಅದು ಸೋಮಾರಿತನಕ್ಕಿಂತ ಹೆದರಿಕೆ ಇರುವ ಸಾಧ್ಯತೆಯೇ ಜಾಸ್ತಿ. ರೌಂಡ್ಸ್‌ನಲ್ಲಿ ರೋಗಿಯ ಮುಂದೆ ಯಾರಾದರೂ ಒಮ್ಮೆ ಗದರಿದ್ದರೆ ಸಾಕು, ಆಮೇಲೆ ಬಾಯಿ ಬಿಡುವುದಿಲ್ಲ. ನಾನು ವಾರ್ಡ್ ಇನ್‌ಚಾರ್ಜ್ ಆದ ಹೊಸದರಲ್ಲಿ ಹಾಗೆ ಗದರಿದವಳು ನಾನೇ.

ಮೊದಲು ಅವಳೊಬ್ಬಳನ್ನೇ ಕರೆಯಿರಿ. ಡ್ಯೂಟಿ ಮುಗಿದ ಮೇಲೆ ಬೇಡ, ಆಗ ಬಸ್ಸಿನ ಚಿಂತೆ ಇರುತ್ತದೆ. ಮಧ್ಯಾಹ್ನ ವಾರ್ಡ್ ತಣ್ಣಗಿರುವಾಗ ಕೂರಿಸಿಕೊಳ್ಳಿ. "ಯಾಕೆ ಹೀಗೆ ಮಾಡಿದೆ" ಅನ್ನಬೇಡಿ, "ಆಗ ಏನೇನಾಯಿತು ಹೇಳು" ಅನ್ನಿ. ಅದಕ್ಕೂ ಮುಂಚೆ ನಿಮ್ಮದೇ ಒಂದು ಹಳೇ ತಪ್ಪು ಹೇಳಿ. ನಾನು ಹೇಳಿದ್ದು ಇನ್ಸುಲಿನ್ ಕಥೆ: ಕೊಡಬೇಕಿದ್ದದ್ದು 10 ಯೂನಿಟ್, ವಯಲ್ (ಔಷಧಿ ಸೀಸೆ) ಒಂದು ಎಂ.ಎಲ್.ಗೆ 40 ಯೂನಿಟ್‌ನದು, ಕೈಗೆ ಸಿಕ್ಕಿದ್ದು ಒಂದು ಎಂ.ಎಲ್.ಗೆ 100 ಯೂನಿಟ್ ಗುರುತಿನ ಸಿರಿಂಜ್, 10ರ ಗೆರೆಗೆ ಎಳೆದೆ, ಹೋಗಿದ್ದು 4 ಯೂನಿಟ್ ಮಾತ್ರ. ಅದನ್ನು ಕೇಳಿದ ಮೇಲೆ ನಮ್ಮ ವಾರ್ಡಿನ ಹೊಸ ಹುಡುಗಿ ತಾನಾಗಿಯೇ ಮಾತಾಡಿದಳು.

ಆಮೇಲೆ ಒಬ್ಬ ಸೀನಿಯರ್ ಜೊತೆ ಒಂದೇ ಶಿಫ್ಟ್ ಹಾಕಿ, ಕನಿಷ್ಠ ಒಂದು ತಿಂಗಳು. ಆ ಸೀನಿಯರ್‌ಗೆ ರೋಗಿಗಳು ಸ್ವಲ್ಪ ಕಡಿಮೆ ಇರಲಿ, ಇಲ್ಲದಿದ್ದರೆ ಸುಮ್ನೆ ಹೆಸರಿಗೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಥರ ಪ್ರಮಾಣ ತಪ್ಪಿದರೆ ಅಪಾಯವಾಗುವ ಔಷಧಿ ಕೊಡುವಾಗ ಇಬ್ಬರು ನೋಡುವ ನಿಯಮ ಎಲ್ಲರಿಗೂ ಇಡಿ, ನಿಮಗೂ ಸೇರಿ. ಅವಳಿಗೆ ಮಾತ್ರ ಅಂದರೆ ಅದು ಶಿಕ್ಷೆ, ಅಲ್ವಾ?

ಮುಚ್ಚಿಟ್ಟಿದ್ದರಿಂದ ರೋಗಿಗೆ ಏನಾದರೂ ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿದ್ದರೆ ಇದೆಲ್ಲ ಆಮೇಲೆ. ಈಗಲೇ ಡಾಕ್ಟರಿಗೆ ಹೇಳಿ, ಇನ್ಸಿಡೆಂಟ್ ರಿಪೋರ್ಟ್ (ಏನಾಯಿತು ಅನ್ನುವ ಲಿಖಿತ ವರದಿ) ಬರೆಸಿ, ಬರೆಯುವಾಗ ಅವಳ ಪಕ್ಕ ಕೂತಿರಿ.