ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ ತೆಳ್ಳಗಿನ, ಹೊಸ ಥರದ ಕಾಲ್ಸೇತುವೆ ಕಟ್ಟಬಹುದಾ? ಜನ ಜಾಸ್ತಿಯಾದರೆ ಓಲಾಡುತ್ತಾ?

ಕಟ್ಟಬಹುದು. ಆದರೆ ಅಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ಭಾರಕ್ಕಿಂತ ಜಾಸ್ತಿ ಓಲಾಟದ ಬಗ್ಗೆ.

ನಡೆಯುವಾಗ ನಾವು ನೆಲವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತುಸು ತಳ್ಳುತ್ತೇವೆ. ಎಡಗಾಲು ಒಂದು ಕಡೆ, ಬಲಗಾಲು ಇನ್ನೊಂದು ಕಡೆ. ಈ ಎಡ-ಬಲದ ಒಂದು ಸುತ್ತಿಗೆ ಸುಮಾರು ಒಂದು ಸೆಕೆಂಡ್. ಸೇತುವೆ ತಾನಾಗಿ ಪಕ್ಕಕ್ಕೆ ತೂಗುವ ಲಯವೂ ಅದೇ ಆಗಿದ್ದರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಸ್ವಲ್ಪ ಓಲಿತು ಅನ್ನಿ, ಜನ ಬೀಳಬಾರದು ಅಂತ ಕಾಲಗಲಿಸಿ ನಡೆಯುತ್ತಾರೆ. ಅದರಿಂದ ಓಲಾಟ ಇನ್ನೂ ಏರುತ್ತದೆ!

ಲಂಡನ್ನಿನ ಮಿಲೇನಿಯಂ ಸೇತುವೆಯನ್ನು 2000ದ ಜೂನ್‌ನಲ್ಲಿ ತೆರೆದು ಎರಡೇ ದಿನಕ್ಕೆ ಮುಚ್ಚಿದ್ದು ಇದಕ್ಕೇ. ಸುಮಾರು 90 ಡ್ಯಾಂಪರ್‌ಗಳನ್ನು, ಅಂದರೆ ಬೈಕಿನ ಶಾಕ್ ಅಬ್ಸಾರ್ಬರ್ ಥರ ಅಲುಗಾಟ ನುಂಗುವ ಸಾಧನಗಳನ್ನು ಕೂರಿಸಿ 2002ರಲ್ಲಿ ಮತ್ತೆ ತೆರೆದರು.

ಶ್ರೀರಂಗಪಟ್ಟಣದಲ್ಲೇ ಇರುವ ನಮ್ಮ ಹಳೇ ವೆಲ್ಲೆಸ್ಲಿ ಸೇತುವೆಗೆ ಈ ಕಾಟವಿಲ್ಲ. 1804ರ ಕಲ್ಲುಕಂಬಗಳಿಗೆ ನಮ್ಮ ಹೆಜ್ಜೆ ಯಾವ ಲೆಕ್ಕ, ಅಲ್ವಾ? ಹೊಸದಾದರೆ ಡ್ಯಾಂಪರ್‌ಗೆ ನಕ್ಷೆಯಲ್ಲೇ ಜಾಗ ಬಿಡಬೇಕು. ಜೊತೆಗೆ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಹೊಳೆ ಎಲ್ಲಿವರೆಗೆ ಏರುತ್ತದೋ, ಸೇತುವೆಯ ಹಾಸು, ಅಂದರೆ ಜನ ನಡೆಯುವ ಭಾಗ, ಅದಕ್ಕಿಂತ ಮೇಲಿರಬೇಕು.